ಫಲಕದ ಮೇಲೆ ಮಾಡಿದವರ ಹೆಸರೂ ಇರಲಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರೇ,

ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಸರ್ಕಾರದ ದುಡ್ಡಲ್ಲಿ ಕಲಾ ಪ್ರದರ್ಶನ ನಡೆದರೆ, ಸರ್ಕಾರ ಒಂದು ಕಲಾಕೃತಿ ಕೊಂಡರೆ, ಅದಕ್ಕೆ ಕೈ ಹಚ್ಚಿದವರೆಲ್ಲರ ಹೆಸರು ಅಲ್ಲಿ ಕಾಣಬೇಕು. ಯಾರು ಯಾವ ಕೆಲಸ ಮಾಡಿದರು, ಎಷ್ಟು ದಿನ ಹಿಡಿಯಿತು ಅನ್ನುವುದೂ ಕಾಣಬೇಕು. ಎಷ್ಟು ಮಜೂರಿ ಕೊಟ್ಟರು ಎಂಬುದು ಕಡತದಲ್ಲಿ ಇರಬೇಕು. ಇದೇ ನನ್ನ ಬೇಡಿಕೆ. ಹೊಸ ಕಾಯ್ದೆ ಬೇಡ, ಹೊಸ ನಿಗಮವೂ ಬೇಡ. ಒಂದು ಸುತ್ತೋಲೆ ಸಾಕು.

ಇದನ್ನು ಕೇಳೋಕೆ ನೀನ್ಯಾರು ಅಂದರೆ, ನಾನು ಪ್ರದರ್ಶನ ಕಟ್ಟುವವನು. ಗೋಡೆಗೆ ಮೊಳೆ ಹೊಡೆಯುತ್ತೇನೆ, ಚೌಕಟ್ಟು ಮಟ್ಟ ನೋಡಿ ತೂಗು ಹಾಕುತ್ತೇನೆ, ಏಣಿ ಹತ್ತಿ ಲೈಟು ತಿರುಗಿಸುತ್ತೇನೆ. ಕೊನೆಗೆ ಪ್ರತಿ ಕೃತಿಯ ಪಕ್ಕ ಒಂದು ಸಣ್ಣ ಫಲಕ ಅಂಟಿಸುತ್ತೇನೆ. ಅದರಲ್ಲಿ ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಬಳಸಿದ ವಸ್ತು ಇರುತ್ತದೆ. ನಾನು ಬಾಗಲಕೋಟೆ ಜಿಲ್ಲೆಯವನು. ಮನೆಯಲ್ಲಿ ಕುಣಿಮಗ್ಗ ಇತ್ತು, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಹಾಗಾಗಿ ಫಲಕದಲ್ಲಿ 'ಹತ್ತಿ, ರೇಷ್ಮೆ, ಬಿದಿರು' ಅಂತ ಓದಿದಾಗೆಲ್ಲ, ಹತ್ತಿ ತಾನಾಗೇ ಬಟ್ಟೆ ಆಯ್ತಾ ಅಂತ ಕೇಳಬೇಕು ಅನಿಸುತ್ತದೆ.

ಈಚೆಗೆ ಕಲಾ ಪ್ರಪಂಚಕ್ಕೆ ಕೈಕೆಲಸದ ಮೇಲೆ ಬಹಳ ಪ್ರೀತಿ ಬಂದಿದೆ. ಕೌದಿ, ಕಸೂತಿ, ಬುಟ್ಟಿ ಹೆಣಿಗೆ, ಮಡಕೆ, ಮಗ್ಗ ಎಲ್ಲವೂ ಗ್ಯಾಲರಿಗೆ ಬಂದಿವೆ. ದುಡಿಮೆ ಅಂದರೇನು, ದಿನಕ್ಕೆ ಎಷ್ಟು ಮಾಡಿದರೆ 'ಉತ್ಪಾದಕ' ಮನುಷ್ಯ ಅನಿಸಿಕೊಳ್ಳಬಹುದು ಅಂತ ಕಲಾವಿದರು ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆಗಳೇ. ಆದರೆ ಆ ಪ್ರಶ್ನೆ ಕೇಳುವ ಹಾಲಿನಲ್ಲೇ ದುಡಿದವರ ಹೆಸರು ಸಿಗೋದಿಲ್ಲ.

ಒಂದು ಪ್ರದರ್ಶನ ಹೇಳುತ್ತೇನೆ. ಊರು, ಹೆಸರು ಬೇಡ, ಯಾಕಂದ್ರೆ ಇದು ಎಲ್ಲ ಕಡೆ ನಡೆಯುವಂಥದ್ದೇ. ಚಾವಣಿಯಿಂದ ನೆಲದವರೆಗೆ ಇಳಿಬಿಟ್ಟ ಕೈಮಗ್ಗದ ಬಟ್ಟೆಯ ಒಂದು ದೊಡ್ಡ ಕೃತಿ. ನೋಡಲು ನಿಜಕ್ಕೂ ಚಂದ ಇತ್ತು. ಆ ಬಟ್ಟೆ ನೇಯ್ದ ಗಂಡ ಹೆಂಡತಿಯನ್ನೂ ಕರೆಸಿದ್ದರು. ಹಾಲಿನ ಮೂಲೆಯಲ್ಲಿ ಒಂದು ಮಗ್ಗ ಹೂಡಿ ಕೂರಿಸಿದ್ದರು. ಬಂದವರು ನೋಡಲಿ ಅಂತ. ಜನ ನೋಡಿದರು, ಸೆಲ್ಫಿ ತೆಗೆದುಕೊಂಡರು, 'ಎಷ್ಟು ತಾಳ್ಮೆ' ಅಂದರು. ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿದ್ದ ಫಲಕದಲ್ಲಿ ಕಲಾವಿದರ ಹೆಸರು, ಅದರ ಕೆಳಗೆ 'ಕೈಮಗ್ಗದ ಬಟ್ಟೆ, ಉಕ್ಕಿನ ತಂತಿ'. ಇವರಿಬ್ಬರ ಹೆಸರನ್ನೂ ಸೇರಿಸೋಣ ಅಂತ ನಾನು ಹೇಳಿದೆ. ಸಾಲು ಜಾಸ್ತಿ ಆಗುತ್ತೆ, ಡಿಸೈನ್ ಕೆಡುತ್ತೆ ಅಂದರು. ತಂತಿಗೆ ಜಾಗ ಇತ್ತು.

ಆ ದಂಪತಿಗೆ ಸಿಕ್ಕಿದ್ದು ಬಸ್ ಚಾರ್ಜು, ಊಟ, ಒಂದು ಶಾಲು. ನೇಕಾರನಿಗೆ ಶಾಲು ಹೊದಿಸುವುದು ಎಂಥ ತಮಾಷೆ ಅಂತ ಯಾರಿಗೂ ಹೊಳೆಯಲಿಲ್ಲ. ಅವರು ಇಲ್ಲಿ ಕೂತಷ್ಟು ದಿನ ಊರಲ್ಲಿ ಮಗ್ಗ ಸುಮ್ನೆ ನಿಂತಿತ್ತು. ಮಗ್ಗ ನಿಂತರೆ ಸೀರೆ ಇಲ್ಲ, ಸೀರೆ ಇಳಿಯದಿದ್ದರೆ ಮಜೂರಿ ಇಲ್ಲ. ನೇಕಾರರಿಗೆ ಸಂಬಳದ ರಜೆ ಅಂತ ಒಂದಿಲ್ಲ ಸ್ವಾಮಿ.

ಈ ಮಜೂರಿ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೂರಾ ವಿಷಯ ಇರುವುದೇ ಅಲ್ಲಿ.

ಇಳಕಲ್ ಸೀರೆಯನ್ನೇ ತಗೊಳ್ಳಿ. ನೀವೂ ಉಡುಗೊರೆಯಾಗಿ ಎಷ್ಟೋ ಸಲ ಕೊಟ್ಟಿರುತ್ತೀರಿ. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು. ಅದರ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿ ಇರಬಹುದು, ಸೆರಗು ರೇಷ್ಮೆ. ಈ ಎರಡು ಹಾಸನ್ನು ಸೇರಿಸಬೇಕು. ಹೇಗೆ? ಮೈಯ ಎಳೆಯನ್ನು ಸೆರಗಿನ ಎಳೆಯ ಕುಣಿಕೆಯೊಳಗೆ ತೂರಿಸಿ ಕೊಂಡಿ ಹಾಕಬೇಕು. ಒಂದಲ್ಲ ಎರಡಲ್ಲ, ಸೀರೆಯ ಅಗಲದುದ್ದಕ್ಕೂ ಎಳೆಗೆ ಎಳೆ. ಒಂದು ಎಳೆ ತಪ್ಪಿದರೆ ಸೆರಗು ಶುರುವಾಗುವ ಕಡೆ ಗೆರೆ ಹೊಡೆದ ಹಾಗೆ ಕಾಣುತ್ತದೆ. ಇಷ್ಟು ಮಾಡಿದ ಮೇಲೇ ನೇಯ್ಗೆ. ಆ ಸೀರೆ ಮುಗಿದು ಇನ್ನೊಂದು ಹೂಡಬೇಕು ಅಂದರೆ ಮತ್ತೆ ಕೊಂಡಿ. ಕೊಂಡಿ ಹಾಕೋದು, ಹಾಸು ಕೆಚ್ಚೋದು ಅಂದರೆ ಹಳೆ ಎಳೆಗೆ ಹೊಸ ಎಳೆ ಜೋಡಿಸೋದು, ರಾಟೆ ತಿರುಗಿಸಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತೋದು, ಈ ಕೆಲಸಗಳು ಬಹುಪಾಲು ಮನೆಯ ಹೆಂಗಸರದ್ದು, ಮುದುಕರದ್ದು. ಬೆಳಗ್ಗೆ ಒಲೆ ಹಚ್ಚಿ, ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ ಬಂದು ರಾಟೆ ಮುಂದೆ ಕೂತರೆ ಮಧ್ಯಾಹ್ನ ಆಗಿದ್ದೇ ಗೊತ್ತಾಗೋದಿಲ್ಲ. ಕಂಡಿಕೆ ಮುಗಿದರೆ ಮಗ್ಗದ ಕುಣಿಯೊಳಗಿಂದ ಕೂಗು ಬರುತ್ತದೆ. ಎದ್ದು ಕೊಡಬೇಕು, ಮತ್ತೆ ಸುತ್ತಬೇಕು.

ಇಷ್ಟಾದ ಮೇಲೆ ಮಜೂರಿ ಹೇಗೆ? ಸೀರೆಗೆ ಇಷ್ಟು ಅಂತ. ಗಂಟೆಗೆ ಅಲ್ಲ, ದಿನಕ್ಕೆ ಅಲ್ಲ. ಚೀಟಿಯಲ್ಲಿ ಒಬ್ಬರ ಹೆಸರು. ಕಂಡಿಕೆ ಸುತ್ತಿದವಳು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಒಬ್ಬ ನೇಕಾರ ವಾರಕ್ಕೆ ಇಷ್ಟೇ ನೇಯುತ್ತಾನೆ, ಪವರ್‌ಲೂಮಿಗೆ ಹೋಲಿಸಿದರೆ ಉತ್ಪಾದಕತೆ ಕಮ್ಮಿ ಅಂತ ವರದಿ ಬರೆಯುತ್ತಾರೆ. ಒಬ್ಬ ನೇಕಾರ ಅಂದರೆ ಅಲ್ಲಿ ನಿಜವಾಗಿ ಎರಡು, ಮೂರು ಜನ. ಅವರನ್ನೆಲ್ಲ ಎಣಿಸಿದರೆ ಉತ್ಪಾದಕತೆ ಇನ್ನೂ ಕಮ್ಮಿ ಆಗುತ್ತೆ ಅಂತ ನೀವು ಹೇಳಬಹುದು. ಹೌದು, ಆಗುತ್ತೆ. ಆಗಲಿ. ಸುಳ್ಳು ಲೆಕ್ಕ ಇಟ್ಟುಕೊಂಡು ಸೀರೆಯ ಬೆಲೆ ಕಟ್ಟುವುದಕ್ಕಿಂತ ಅದು ವಾಸಿ. ಕೇಂದ್ರ ಸರ್ಕಾರದ 2019–20ರ ಕೈಮಗ್ಗ ಗಣತಿಯೇ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಿದ್ದಾರೆ, ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಂಗಸರು ಅಂತ ಹೇಳಿದೆ. ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಮ್ಮಿ ಅಂತಲೂ ಅದೇ ಗಣತಿಯಲ್ಲಿದೆ.

ಇದು ಕೈಮಗ್ಗ ಇಲಾಖೆಯ ವಿಷಯ, ನನಗೇಕೆ ಹೇಳ್ತೀಯಾ ಅಂತ ನೀವು ಕೇಳಬಹುದು. ತೊಂದರೆ ಇರುವುದೇ ಅಲ್ಲಿ ನೋಡಿ. ಸೀರೆ ಅಂಗಡಿಗೆ ಹೋದರೆ ಅದು ಕೈಮಗ್ಗ ಮತ್ತು ಜವಳಿ ಇಲಾಖೆ. ಚನ್ನಪಟ್ಟಣದ ಬೊಂಬೆ, ಬಿದರಿ ಹೂಜಿ ಆದರೆ ಕಾವೇರಿ ಎಂಪೋರಿಯಂ ನಡೆಸುವ ಕರಕುಶಲ ನಿಗಮ. ಅದೇ ನೂಲನ್ನು ಕಲಾವಿದರೊಬ್ಬರು ಗೋಡೆಗೆ ತೂಗಿಬಿಟ್ಟರೆ ಅದು ನಿಮ್ಮ ಇಲಾಖೆ, ಲಲಿತಕಲಾ ಅಕಾಡೆಮಿ. ಕಲ್ಲು ಕೆತ್ತಿದರೆ ಶಿಲ್ಪಕಲಾ ಅಕಾಡೆಮಿ. ಫೈಲುಗಳು ಹೀಗೆ ಬೇರೆ ಬೇರೆ ಕಡೆ ಓಡಾಡುತ್ತವೆ. ಆದರೆ ಕೈ ಒಂದೇ. ಕಲಾವಿದರು ಮಗ್ಗದವರನ್ನು ಹುಡುಕಿಕೊಂಡು ಹೋಗುತ್ತಿರುವ ಈ ಹೊತ್ತಲ್ಲಿ, ಆ ಕೈ ನಿಮ್ಮ ಇಲಾಖೆಯ ಬಾಗಿಲಿಗೂ ಬಂದು ನಿಂತಿದೆ.

ಕಲಾವಿದರ ಮೇಲೆ ನನಗೆ ಸಿಟ್ಟಿಲ್ಲ. ದುಡಿಮೆಯ ಬಗ್ಗೆ ನಾನು ಕಲಿತದ್ದರಲ್ಲಿ ಎಷ್ಟೋ ಕಲಾವಿದರಿಂದಲೇ. ತೈವಾನಿನಿಂದ ನ್ಯೂಯಾರ್ಕಿಗೆ ಹೋದ ತೆಹ್ಚಿಂಗ್ ಶೇ ಅನ್ನುವ ಕಲಾವಿದ 1980ರ ಏಪ್ರಿಲ್‌ನಿಂದ ಒಂದು ವರ್ಷ ಪೂರ್ತಿ ಗಂಟೆಗೊಮ್ಮೆ ಕಾರ್ಖಾನೆಯ ಹಾಜರಿ ಯಂತ್ರದಲ್ಲಿ ಕಾರ್ಡು ಒತ್ತಿದ. ಹಗಲೂ ರಾತ್ರಿ. ಒಟ್ಟು 8,760 ಸಲ ಒತ್ತಬೇಕಿತ್ತು, 133 ಸಲ ತಪ್ಪಿತು. ಬಹುಪಾಲು ತಪ್ಪಿದ್ದು ನಿದ್ದೆ ಹತ್ತಿದ್ದರಿಂದ. ಏನನ್ನೂ ತಯಾರಿಸದೆ ಬರೀ ಹಾಜರಿ ಹಾಕುತ್ತಾ ಒಂದು ವರ್ಷ ಕಳೆದ. ಕಾರ್ಖಾನೆಯ ಗಡಿಯಾರ ಮನುಷ್ಯನ ನಿದ್ದೆಯನ್ನು ಏನು ಮಾಡುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. 2002ರಲ್ಲಿ ಫ್ರಾನ್ಸಿಸ್ ಅಲಿಸ್ ಅನ್ನುವ ಕಲಾವಿದರು ಪೆರುವಿನ ಲಿಮಾ ಹತ್ತಿರ 500 ಜನರ ಕೈಗೆ ಸಲಿಕೆ ಕೊಟ್ಟು ಒಂದು ಮರಳು ದಿಬ್ಬವನ್ನು ಜರುಗಿಸಿದರು. ಜರುಗಿದ್ದು ನಾಲ್ಕು ಇಂಚು. ಬೇಕಂತಲೇ ಹಾಗೆ. ಜಾಸ್ತಿ ದುಡಿಮೆ, ಕಮ್ಮಿ ಫಲ. ನಮ್ಮ ಮಂದಿಗೆ ಇದನ್ನು ಹೇಳಿದರೆ, ಇದಕ್ಕೆ ಕಲಾವಿದ ಯಾಕೆ ಬೇಕು ಅಂತ ನಗುತ್ತಾರೆ.

ನಮ್ಮವರೇ ಆದ ಶೀಲಾ ಗೌಡ ಇದ್ದಾರೆ. ಹುಟ್ಟಿದ್ದು ಭದ್ರಾವತಿಯಲ್ಲಿ, ಇರುವುದು ಬೆಂಗಳೂರಿನಲ್ಲಿ. ಅವರ ಒಂದು ಹಳೆಯ ಕೃತಿಯಲ್ಲಿ ಹೊಲಿಗೆ ದಾರವನ್ನು ಸೂಜಿಯ ಕಣ್ಣೊಳಗೆ ತೂರಿಸಿ, ದಾರದ ಪೂರಾ ಉದ್ದವನ್ನೂ ಆ ಕಣ್ಣಿಂದ ಎಳೆದು, ಅಂಥ ಎಷ್ಟೋ ದಾರಗಳನ್ನು ಅಂಟು ಮತ್ತು ಕುಂಕುಮ ಹಚ್ಚಿ ಒಂದೇ ಹಗ್ಗ ಮಾಡಿದ್ದಾರೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ನೇತಾಡುತ್ತವೆ. ಕೆಂಪು ಹಗ್ಗ ಗೋಡೆ ಮೇಲೂ ನೆಲದ ಮೇಲೂ ಹರಿದಾಡುತ್ತದೆ. ಹೊಲಿಯುವ ಹೆಂಗಸರ ಬೆರಳು ಎಷ್ಟು ದೂರ ನಡೆದಿದೆ ಅಂತ ಒಂದು ಕ್ಷಣ ಕಣ್ಣಿಗೆ ಕಾಣುತ್ತದೆ. 2009ರಲ್ಲಿ ವೆನಿಸ್ ಬಿಯೆನಾಲೆ ಅನ್ನುವ ಕಲಾ ಮೇಳದಲ್ಲಿ ಅವರು ಕೂದಲ ಹಗ್ಗದ ಕೃತಿ ಮಾಡಿದರು. ದೃಷ್ಟಿ ತಾಗದಿರಲಿ ಅಂತ ನಮ್ಮ ಗಾಡಿಗಳ ಬಂಪರಿಗೆ ಕಟ್ಟುತ್ತೇವಲ್ಲ, ಅದೇ ಹಗ್ಗ. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಹಗ್ಗಕ್ಕೆ 20 ಬಂಪರುಗಳು ಜೋತುಬಿದ್ದಿವೆ. ಈಗ ಅದು ಲಂಡನ್ನಿನ ಟೇಟ್ ಮ್ಯೂಸಿಯಂನಲ್ಲಿದೆ. ಇಂಥ ಕೃತಿ ನೋಡಿದವರಿಗೆ ಹಗ್ಗ ಹೊಸೆದವರು ಯಾರು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಒಳ್ಳೆಯ ಕಲೆ ಆ ಪ್ರಶ್ನೆ ಹುಟ್ಟಿಸುತ್ತದೆ. ಉತ್ತರ ಬರೆದಿಡುವುದು ಆಡಳಿತದ ಕೆಲಸ.

ಇನ್ನೊಂದು ಉದಾಹರಣೆ ಹೇಳಲೇಬೇಕು. 2010ರಲ್ಲಿ ಅದೇ ಟೇಟ್‌ನಲ್ಲಿ ಚೀನಾದ ಆಯ್ ವೇಯ್‌ವೇಯ್ ಹತ್ತು ಕೋಟಿ ಸೂರ್ಯಕಾಂತಿ ಬೀಜಗಳನ್ನು ನೆಲಕ್ಕೆ ಹರಡಿದರು. ಎಲ್ಲವೂ ಪಿಂಗಾಣಿ. ಜಿಂಗ್‌ಡೆಜೆನ್ ಅನ್ನುವ ಪಿಂಗಾಣಿ ಊರಿನ ಸುಮಾರು 1,600 ಜನ ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದೊಂದು ಬೀಜಕ್ಕೂ ಕೈಯಲ್ಲೇ ಗೆರೆ ಬರೆದಿದ್ದರು. ಜನ ಅದರ ಮೇಲೆ ನಡೆದಾಡಲಿ ಅಂತ ಇತ್ತು. ಕೆಲವೇ ದಿನಕ್ಕೆ ನಿಲ್ಲಿಸಿದರು, ತುಳಿದಾಗ ಏಳುವ ಧೂಳು ಆರೋಗ್ಯಕ್ಕೆ ಒಳ್ಳೆಯದಲ್ಲ ಅಂತ. ಸರಿಯಾದ ನಿರ್ಧಾರವೇ. ಆದರೆ ನೋಡುವವರ ಶ್ವಾಸಕೋಶದ ಬಗ್ಗೆ ಇಷ್ಟು ಬೇಗ ಗಮನ ಹೋಯಿತಲ್ಲ, ಮಾಡುವವರ ಬಗ್ಗೆಯೂ ಹೋಗಬೇಕು, ಅಲ್ವಾ? ವೇಯ್‌ವೇಯ್ ಹೆಸರು ಜಗತ್ತಿಗೆಲ್ಲ ಗೊತ್ತು. ಆ 1,600 ಜನ ಇವತ್ತಿಗೂ ಒಂದು ಸಂಖ್ಯೆ.

ಹಾಗಂತ ಹೆಸರು ಬರೆಯೋದು ನಮಗೆ ಹೊಸದೇನಲ್ಲ. 1117ರಲ್ಲಿ ಕಟ್ಟಿದ ಬೇಲೂರಿನ ಚೆನ್ನಕೇಶವ ಗುಡಿಗೆ ಹೋಗಿ ನೋಡಿ. ಬಳ್ಳಿಗಾವಿಯ ಶಿಲ್ಪಿ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಸೋಮನಾಥಪುರದ ಗುಡಿಯಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಕಲ್ಲಲ್ಲಿ ಕೆತ್ತಿದ್ದಾನೆ. ರಾಜನ ಹೆಸರಿನ ಜೊತೆಗೇ ಉಳಿ ಹಿಡಿದವನ ಹೆಸರೂ ಇತ್ತು. ಡಿಸೈನ್ ಕೆಡಲಿಲ್ಲ. 2023ರಲ್ಲಿ ಆ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಕಲ್ಲು ಹೊತ್ತವರ ಹೆಸರು ಅಲ್ಲೂ ಇಲ್ಲ ಬಿಡಿ, ಆ ಕಾಲವನ್ನು ಹೊಗಳಿ ಹೊತ್ತು ಕಳೆಯುವುದು ನನ್ನ ಉದ್ದೇಶ ಅಲ್ಲ.

ಈಗ ನೀವು ಕೂರುವ ಕಟ್ಟಡಕ್ಕೆ ಬನ್ನಿ. 1956ರಲ್ಲಿ ವಿಧಾನಸೌಧ ಮುಗಿಯಿತು. ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಹೆಸರು ಮಕ್ಕಳಿಗೂ ಗೊತ್ತು. ಸಾವಿರಾರು ಕೂಲಿಗಳು, ಅವರಲ್ಲಿ ಜೈಲಿನಿಂದ ಬಂದ ಕೈದಿಗಳೇ ಬಹಳ. ಜೊತೆಗೆ ಕಲ್ಲುಕುಟಿಗರು, ಗಾರೆಯವರು, ಮರ ಕೆತ್ತುವವರು. 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಹೊರಗೆ ದೊಡ್ಡದಾಗಿ ಬರೆದಿದೆ. ಆ ದೇವರ ಕೆಲಸ ಮಾಡಿದವರ ಪಟ್ಟಿ ಎಲ್ಲಿ? ಇನ್ನೂ ಈಚೆಗೆ ಬರೋಣ. 2022ರ ನವೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ 108 ಅಡಿಯ ಕೆಂಪೇಗೌಡರ ಕಂಚಿನ ಪ್ರತಿಮೆ ಎದ್ದು ನಿಂತಿತು. ಶಿಲ್ಪಿ ರಾಮ್ ಸುತಾರ್ ಹೆಸರು ಪತ್ರಿಕೆಗಳಲ್ಲಿ ಬಂತು, ಬರಬೇಕಾದ್ದೇ. ಅಚ್ಚು ಮಾಡಿದವರು, ಎರಕ ಹೊಯ್ದವರು, ಅಷ್ಟೆತ್ತರಕ್ಕೆ ಹತ್ತಿ ತುಂಡು ತುಂಡಾಗಿ ಬೆಸೆದವರು ಯಾರು ಅಂತ ನನ್ನಂಥವನು ಕೇಳಿದರೆ ಹೇಳುವವರಿಲ್ಲ.

ಈ ಮಾತಿಗೆ ಕಲಾವಿದ ಗೆಳೆಯರೇ ಮೊದಲು ಮುಖ ಸಿಂಡರಿಸುತ್ತಾರೆ. ಕಲ್ಪನೆ ನಮ್ಮದು, ಅವರು ನಾವು ಹೇಳಿದ್ದನ್ನು ಮಾಡಿಕೊಟ್ಟವರು ಅಷ್ಟೇ, ದುಡ್ಡು ಕೊಟ್ಟಿದ್ದೇವೆ ಅಂತಾರೆ. ಕಲ್ಪನೆ ಅವರದ್ದು, ಒಪ್ಪುತ್ತೇನೆ. ಅವರ ಹೆಸರು ಮೇಲೆ ದೊಡ್ಡದಾಗೇ ಇರಲಿ. 'ಹೇಳಿದ್ದನ್ನು ಮಾಡಿದವರು ಅಷ್ಟೇ' ಅನ್ನುವುದು ಮಾತ್ರ ಕೆಲಸ ಗೊತ್ತಿಲ್ಲದವರ ಮಾತು. ಧಾರವಾಡದ ಕಡೆ ಕಸೂತಿ ಹಾಕುವವರ ಪಕ್ಕ ಒಂದು ಮಧ್ಯಾಹ್ನ ಕೂತು ನೋಡಲಿ. ಬಟ್ಟೆ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳೋದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹೊಲಿಗೆ. ಗವಂತಿ ಅನ್ನುವ ಹೊಲಿಗೆ ಹಾಕಿದರೆ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು, ಗಂಟು ಎಲ್ಲೂ ಕಾಣಬಾರದು. ಹೋದ ದಾರಿಯಲ್ಲೇ ದಾರ ವಾಪಸ್ ಬಂದು ಬಿಟ್ಟ ಜಾಗ ತುಂಬಬೇಕು. ಗೋಪುರದ ಚಿತ್ರಕ್ಕೆ ಎಷ್ಟು ಎಳೆ ಬೇಕು, ಮೂಲೆಯಲ್ಲಿ ಯಾವ ಕಡೆಗೆ ತಿರುಗಿದರೆ ದಾರ ಸಿಕ್ಕಿಕೊಳ್ಳದೆ ಮನೆಗೆ ಬರುತ್ತದೆ ಅನ್ನುವುದೆಲ್ಲ ಆಕೆಯ ತಲೆಯಲ್ಲಿ ನಡೆಯುತ್ತಿರುತ್ತದೆ. ಕಲಾವಿದರು ಕೊಟ್ಟ ಚಿತ್ರ ಎಳೆಯ ಲೆಕ್ಕಕ್ಕೆ ಹೊಂದದಿದ್ದರೆ ಅದನ್ನು ಸದ್ದಿಲ್ಲದೆ ತಿದ್ದುವವಳೂ ಅವಳೇ. ಆ ನಿರ್ಧಾರಗಳಿಗೂ ಒಂದು ಸಾಲಿನಷ್ಟು ಜಾಗ ಬೇಡವೇ?

ಎರಡನೇ ತಕರಾರು ಸ್ವಲ್ಪ ಬೇರೆ. ಕೈಕೆಲಸ ನಿಧಾನ, ಅದಕ್ಕೇ ಅದು ಪವಿತ್ರ, ಅದನ್ನು ಗಂಟೆ ಲೆಕ್ಕದಲ್ಲಿ ಅಳೆದು ಕೆಡಿಸಬೇಡಿ ಅಂತಾರೆ. ಈ ಮಾತು ಹೇಳುವವರು ಸಾಮಾನ್ಯವಾಗಿ ತಿಂಗಳ ಸಂಬಳದವರು. ನಮ್ಮೂರಿನಲ್ಲಿ ನಿಧಾನವನ್ನು ಯಾರೂ ಪೂಜಿಸೋದಿಲ್ಲ. ಕಾಲು ನೋಯುತ್ತದೆ, ಕಣ್ಣು ಮಂಜಾಗುತ್ತದೆ. ಮಗ ಮಗ್ಗ ಬಿಟ್ಟು ಬೆಂಗಳೂರಿಗೆ ಬಂದು ಸೆಕ್ಯೂರಿಟಿ ಕೆಲಸಕ್ಕೆ ನಿಂತರೆ ಅಪ್ಪ ಅಮ್ಮ ನೆಮ್ಮದಿ ಪಡುತ್ತಾರೆ, ತಿಂಗಳಿಗೆ ಇಷ್ಟು ಅಂತ ದುಡ್ಡು ಬರುತ್ತದೆ ಅಂತ. ಗಂಟೆ ಬರೆದಿಟ್ಟರೆ ಕೆಲಸ ಕೆಡೋದಿಲ್ಲ. ಬರೆಯದೆ ಇದ್ದದ್ದಕ್ಕೇ ಮಜೂರಿ ಇಷ್ಟು ಕೆಳಗಿರೋದು. 2017ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಸೊನ್ನೆ ಇರಲಿ ಅಂತ ಬೆಂಗಳೂರಲ್ಲಿ ಉಪವಾಸ ಕೂತಿದ್ದರು. ಅದು ಕೊಳ್ಳುವ ಕಡೆಯ ಲೆಕ್ಕ. ಮಾಡುವ ಕಡೆಯ ಲೆಕ್ಕ ಇನ್ನೂ ಯಾರೂ ಸರಿಯಾಗಿ ತೆರೆದಿಲ್ಲ.

ಹಾಗಾದರೆ ಏನು ಮಾಡಬಹುದು? ನಿಮ್ಮ ಇಲಾಖೆ, ಅಕಾಡೆಮಿಗಳು ಪ್ರದರ್ಶನಕ್ಕೋ ಧನಸಹಾಯಕ್ಕೋ ಅರ್ಜಿ ಕರೆಯುವಾಗ ಒಂದು ನಮೂನೆ ಇರುತ್ತದಲ್ಲ, ಅದರಲ್ಲಿ ಒಂದು ಪುಟ ಸೇರಿಸಿ. ಕೃತಿಗೆ ಕೆಲಸ ಮಾಡಿದವರ ಹೆಸರು, ಊರು, ಮಾಡಿದ ಕೆಲಸ, ದಿನ, ಮಜೂರಿ. ಕಂಡಿಕೆ ಸುತ್ತಿದವರು, ಹಾಸು ಕೆಚ್ಚಿದವರು, ಮಣ್ಣು ಹದ ಮಾಡಿದವರೂ ಅದರಲ್ಲಿ ಬರಬೇಕು, ಮುಖ್ಯ ಕಸುಬುದಾರರೊಬ್ಬರೇ ಬಂದರೆ ಸಾಲದು. ಆ ಪುಟ ಖಾಲಿ ಇದ್ದರೆ ಬಿಲ್ ಪಾಸ್ ಆಗಬಾರದು. ಹೆಸರುಗಳು ಫಲಕದ ಮೇಲೆ ಬರಲಿ, ಮಜೂರಿ ಕಡತದಲ್ಲಿ ಇರಲಿ. ಯಾರಾದರೂ ನನ್ನ ಹೆಸರು ಬೇಡ ಅಂದರೆ ಬಿಡಿ, ಅದು ಅವರ ಇಷ್ಟ. ಕೇಳಿದ್ದೇವೆ ಅನ್ನುವುದು ಮಾತ್ರ ದಾಖಲಾಗಲಿ. ಕಲಾವಿದರು ಒಬ್ಬರೇ ಎಲ್ಲ ಮಾಡಿದ್ದರೆ ಒಂದೇ ಹೆಸರು ಬರೆದರಾಯಿತು.

ಪ್ರಾತ್ಯಕ್ಷಿಕೆಗೆ ಅಂತ ನೇಕಾರರನ್ನೋ ಕುಂಬಾರರನ್ನೋ ಕರೆಸಿದರೆ, ಅವತ್ತು ಅದೇ ವೇದಿಕೆಯಲ್ಲಿ ಮಾತಾಡುವ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ನಾನಿದನ್ನು ಬಹಳ ಯೋಚಿಸಿಯೇ ಹೇಳುತ್ತಿದ್ದೇನೆ. ಅರ್ಧ ಗಂಟೆ ಮಾತಾಡಿದವರಿಗೆ ಕವರು, ದಿನವಿಡೀ ಕೆಲಸ ಮಾಡಿ ತೋರಿಸಿದವರಿಗೆ ಶಾಲು ಅನ್ನುವುದನ್ನು ನಿಲ್ಲಿಸಲು ನಿಮಗೆ ಒಂದು ಸಹಿ ಸಾಕು. ಊರಲ್ಲಿ ಮಗ್ಗ ನಿಂತ ದಿನಗಳಿಗೂ, ಹೋಗಿ ಬರುವ ದಿನಗಳಿಗೂ ಸೇರಿಸಿ ಕೊಡಬೇಕು.

ಖರ್ಚು ಜಾಸ್ತಿ ಆಗುತ್ತೆ ಅಂತ ಅಧಿಕಾರಿಗಳು ಟಿಪ್ಪಣಿ ಬರೆದು ತರುತ್ತಾರೆ. ಹೌದು, ಆಗುತ್ತೆ. ಉದ್ಘಾಟನೆಯ ಹೂವು, ಬ್ಯಾನರು, ಹಾರ, ಪೇಟದ ಬಿಲ್ಲು ತರಿಸಿ ಪಕ್ಕದಲ್ಲಿಟ್ಟು ಆ ಟಿಪ್ಪಣಿ ಓದಿ ಅಂತಷ್ಟೇ ಕೇಳಿಕೊಳ್ಳುತ್ತೇನೆ.

ಸುತ್ತೋಲೆ ಹೊರಡಿಸಿದ ಮೇಲೆ ಫಲಕದ ಅಳತೆ ನನ್ನನ್ನು ಕೇಳಿ. ಈಗಿನ ಅಳತೆಯ ಫಲಕದಲ್ಲೇ ಇನ್ನೂ ಆರು ಸಾಲು ಆರಾಮಾಗಿ ಹಿಡಿಯುತ್ತದೆ. ಅಕ್ಷರ ಸ್ವಲ್ಪ ಚಿಕ್ಕದು ಮಾಡಬೇಕು, ಕನ್ನಡ ಮೇಲೆ ಇರಬೇಕು. ಹೆಚ್ಚು ಜನ ದುಡಿದ ಕೃತಿಯಾದರೆ ಪಕ್ಕದಲ್ಲಿ ಎರಡನೇ ಫಲಕ ಹಾಕಬಹುದು. ಅದಕ್ಕೆ ಇನ್ನೊಂದು ಮೊಳೆಯೂ ಬೇಡ, ಅಂಟಿಸಿದರೆ ಸಾಕು.

ಇತಿ,
ನಿಮ್ಮ ವಿಶ್ವಾಸಿ,
ಪ್ರದರ್ಶನ ಕಟ್ಟುವ ಒಬ್ಬ ಕೆಲಸಗಾರ
ಬೆಂಗಳೂರು